ಎದುರಿನ ಎಲೆ

ನನ್ನ ಹೋಟೆಲಿನಲ್ಲಿ ಒಂಟಿ ಎಲೆ ಹಾಕುವುದಿಲ್ಲ. ಹಾಕಿ ಪ್ರಯೋಜನವೂ ಇಲ್ಲ. ಒಬ್ಬರೇ ಬಂದವರು ಹೊರಗಿನ ಜಗುಲಿಯಲ್ಲಿ ಕುಳಿತು ಕಾಯಬೇಕು. ಇನ್ನೊಬ್ಬರು ಯಾರಾದರೂ ಒಂಟಿಯಾಗಿ ಬಂದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಬಡಿಸುತ್ತೇನೆ. ಹೊಟ್ಟೆ ಚುರುಗುಟ್ಟುತ್ತಿದೆ ತುಂಗಕ್ಕಾ, ಬೇಗ ಬಡಿಸು ಎಂದು ಎಷ್ಟು ಗೋಗರೆದರೂ ನಾನು ಜಗ್ಗುವವಳಲ್ಲ. ಬಡಿಸಿದ ಮೇಲೆ ಉಪ್ಪು ಯಾರು ಹಾಕಬೇಕು, ಅವರ ಅಜ್ಜನೇ? ನಮ್ಮೂರಿನಲ್ಲಿ ತನ್ನ ಎಲೆಗೆ ತಾನೇ ಹಾಕಿಕೊಂಡ ಉಪ್ಪು ನಾಲಿಗೆಗೆ ಹತ್ತುವುದಿಲ್ಲ. ಮುಷ್ಟಿಗಟ್ಟಲೆ ಸುರಿದುಕೊಂಡರೂ ಅಷ್ಟೆ, ಹೊಳೆಯ ಮರಳು ಅಗಿದ ಹಾಗೆ. ಪಾತ್ರೆಗೆ ಹಾಕಿ ಕುದಿಸಿದರೂ ಹತ್ತುವುದಿಲ್ಲ. ಎದುರಿಗೆ ಕುಳಿತವರು ಹಾಕಬೇಕು. ಅವರೂ ಎಲೆ ಹಾಕಿಕೊಂಡು ಉಣ್ಣಲು ಕುಳಿತವರೇ ಆಗಿರಬೇಕು. ಹಸಿದ ಕೈಯಿಂದ ಬಿದ್ದ ಉಪ್ಪು ಮಾತ್ರ ಉಪ್ಪು. ಸೌಟು ಹಿಡಿದು ನಿಂತ ನಾನು ಹಾಕಿದರೆ ನಡೆಯುವುದಿಲ್ಲ.

ಹೊಳೆಯ ನಡುವಿನ ಊರು ನಮ್ಮದು. ಬರಲಿಕ್ಕೂ ಹೋಗಲಿಕ್ಕೂ ಬುಡನ್ ಸಾಬನ ದೋಣಿಯೊಂದೇ ದಾರಿ. ಆಚೆ ದಡದ ಅಂಗಡಿಯಲ್ಲಿ ಕೊಂಡ ಉಪ್ಪಿನಕಾಯಿ ಕೂಡ ಅರ್ಧ ಹೊಳೆ ದಾಟುವಷ್ಟರಲ್ಲಿ ಸಪ್ಪೆಯಾಗಿಬಿಡುತ್ತದೆ. ಹಿಂದೊಮ್ಮೆ ಸೇತುವೆಗೆ ಅಳತೆ ಮಾಡಲು ಸಾಹೇಬರೊಬ್ಬರು ಬಂದಿದ್ದರು. ಅವರ ಎದುರಿಗೆ ಬುಡನ್ ಸಾಬನನ್ನು ಕೂರಿಸಿದೆ. ಅವನು ಅವರ ಎಲೆಗೆ ಕೈ ಚಾಚಿದ್ದೇ ತಡ, ಸಾಹೇಬರು ಸಿಡುಕಿ, ತಾವೇ ಚಮಚ ಎತ್ತಿ ಹಾಕಿಕೊಂಡರು. ಮತ್ತೆ ಹಾಕಿಕೊಂಡರು. ಎಲೆಯ ತುದಿಯಲ್ಲಿ ಬೆಳ್ಳಗೆ ಗುಡ್ಡವೆದ್ದಿತೇ ಹೊರತು ರುಚಿ ಹುಟ್ಟಲಿಲ್ಲ. ಕೊನೆಗೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಎಲೆಯನ್ನು ಮೆಲ್ಲಗೆ ಅವನ ಕಡೆ ತಳ್ಳಿದರು. ಬುಡನ್ ಸಾಬ ನಗದೆ ಹಾಕಿದ, ಅದು ಅವನ ದೊಡ್ಡ ಗುಣ. ಸಾಹೇಬರು ಎರಡೆರಡು ಸಲ ಅನ್ನ ಕೇಳಿ ಉಂಡರು. ಸೇತುವೆ ಮಾತ್ರ ಇವತ್ತಿನವರೆಗೂ ಬಂದಿಲ್ಲ.

ಹೊರಗಿನವರಿಗೆ ಇದೆಲ್ಲ ರಗಳೆ ಎನಿಸಬಹುದು. ನಮಗೆ ಅಭ್ಯಾಸವಾಗಿಹೋಗಿದೆ. ಗಂಡಹೆಂಡತಿ ಮಾತು ಬಿಟ್ಟು ತಿಂಗಳಾದರೂ ಉಪ್ಪು ಬಿಡುವ ಹಾಗಿಲ್ಲವಲ್ಲ. ಮುಖ ಊದಿಸಿಕೊಂಡೇ ಎದುರುಬದುರು ಕುಳಿತುಕೊಳ್ಳುತ್ತಾರೆ, ಮುಖ ಊದಿಸಿಕೊಂಡೇ ಉಪ್ಪು ಹಾಕುತ್ತಾರೆ. ಹಾಕುವ ಅಳತೆಯಲ್ಲೇ ಸಿಟ್ಟು ಎಷ್ಟು ಇಳಿದಿದೆ ಎಂದು ಗೊತ್ತಾಗುತ್ತದೆ. ಒಂದು ಮಾತಿದೆ, ಅದನ್ನು ಎಲ್ಲರೂ ಪಾಲಿಸುತ್ತಾರೆ: ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಎಲೆಯ ಮುಂದೆ ಬಾಯಿ ಬಿಡಬಾರದು. ಎದುರಿನವರು ಮುಖ ನೋಡಿ ತಿಳಿದುಕೊಳ್ಳಬೇಕು, ನಾಳೆ ಕೈ ತಿದ್ದಿಕೊಳ್ಳಬೇಕು. ಹಾಗೆ ತಿದ್ದಿಕೊಳ್ಳುತ್ತಾ ತಿದ್ದಿಕೊಳ್ಳುತ್ತಾ ಒಬ್ಬರ ಕೈ ಇನ್ನೊಬ್ಬರ ನಾಲಿಗೆಗೆ ಕೂಡಿಬರುತ್ತದೆ. ಇನ್ನೊಂದು ಮಾತೂ ಇದೆ. ಉಪ್ಪು ಬಿದ್ದ ಮೇಲೆ ಎದುರಿನವರ ಊಟ ಮುಗಿಯುವ ತನಕ ಏಳಬಾರದು.

ನನ್ನ ನಾಲಿಗೆಗೆ ಮೊದಲು ಕೂಡಿಬಂದ ಕೈ ಸುಗಂಧಿಯದು. ಪಕ್ಕದ ಮನೆ ಅವಳದು. ಲಂಗ ಉಡುವ ವಯಸ್ಸಿನಿಂದ ನಾವಿಬ್ಬರೂ ಎದುರುಬದುರು ಕುಳಿತವರು. ಮನೆಯವರು ಕರೆದರೂ ಹೋಗದೆ ದೋಣಿಗಟ್ಟೆಯ ಕಲ್ಲಿನ ಮೇಲೆ ಎಲೆ ಹಾಸಿಕೊಂಡು ಉಣ್ಣುತ್ತಿದ್ದೆವು. ನನಗೆ ಉಪ್ಪು ಖಾರ ಎಲ್ಲ ಜೋರಾಗಿರಬೇಕು. ಅವಳಿಗೆ ಮಾತ್ರ ಎಳ್ಳಷ್ಟೇ. ಎರಡು ಬೆರಳಲ್ಲಿ ಹಿಡಿದು, ಅದರಲ್ಲೂ ಅರ್ಧವನ್ನು ಬಟ್ಟಲಿಗೇ ಉದುರಿಸಿ, ಉಳಿದಿದ್ದನ್ನು ಅನ್ನದ ಮೇಲಲ್ಲ, ಅನ್ನದ ಬುಡದಲ್ಲಿ, ಬಲಗಡೆ ಒರೆಸಿ ಬಿಡಬೇಕು. ಇಲ್ಲದಿದ್ದರೆ ಮೂಗು ಮುರಿಯುತ್ತಿದ್ದಳು. "ಇರುವೆಗೆ ಹಾಕಿದ ಹಾಗೆ ಹಾಕಿಸಿಕೊಳ್ತೀಯಲ್ಲೇ, ಇಷ್ಟರಲ್ಲಿ ಎಂತ ರುಚಿ ಸಿಕ್ತದೆ ನಿನಗೆ?" ಎಂದು ನಾನು ರೇಗಿಸುತ್ತಿದ್ದೆ. "ಸಿಗ್ತದೆ. ಹುಡುಕಿದವರಿಗೆ ಸಿಗ್ತದೆ," ಎನ್ನುತ್ತಿದ್ದಳು. ಮಾತಿಗೇನು ಕಮ್ಮಿಯಿಲ್ಲ ಅವಳಿಗೆ.

ಅವಳನ್ನು ಮದುವೆಯಾದವರು ವಾಮನಾಚಾರಿ. ನಮ್ಮೂರಿನ ಬಡಗಿ. ನನಗೆ ಅಂದಿನಿಂದ ಭಾವ. ನನ್ನ ಹೋಟೆಲಿನ ಬೆಂಚು, ಮೇಜು ಎಲ್ಲ ಅವರ ಕೈಕೆಲಸವೇ. ಒಂದೇ ಒಂದು ಬೆಂಚಿನ ಕಾಲು ತುಸು ಗಿಡ್ಡ. ಅದಕ್ಕೆ ಅಡಿಯಿಂದ ಮರದ ಚಿಪ್ಪು ಕೊಟ್ಟು ಸರಿಮಾಡುತ್ತೇನೆ ಎಂದವರು, ಅಷ್ಟರಲ್ಲಿ ಆಚೆ ದಡದ ಪೇಟೆಯಲ್ಲಿ ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಸುಗಂಧಿಯನ್ನು ಕರೆದುಕೊಂಡು ಹೊರಟೇಬಿಟ್ಟರು. ಮೊದಮೊದಲು ಒಂದೆರಡು ಸಲ ಬಂದು ಹೋದರು. ಆಮೇಲೆ ಮಕ್ಕಳು, ಶಾಲೆ, ಅವಳ ಮಂಡಿನೋವು ಎಂದು ಬರುವುದು ನಿಂತಿತು. ನನಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ನನಗೆ ಮದುವೆಯಾಗಲಿಲ್ಲ. ಅಪ್ಪ ಇರುವ ತನಕ ಅಪ್ಪ ಹಾಕುತ್ತಿದ್ದರು. ಅವರು ಹೋದ ಮೇಲೆ ಕೊನೆಯ ಪಂಕ್ತಿಯಲ್ಲಿ ಬುಡನ್ ಸಾಬ ನನ್ನ ಎದುರು ಕೂರುತ್ತಾನೆ. ಹುಟ್ಟು ಹಾಕಿ ಬೆವರುವ ಆಳು ಅವನು, ಹಾಕುವುದೂ ದಂಡಿಯಾಗಿ. ನನಗೂ ಅದೇ ಹಿತ.

ಸುಗಂಧಿ ಹೋಗಿಬಿಟ್ಟಳು ಎಂಬ ಸುದ್ದಿಯನ್ನೂ ಬುಡನ್ ಸಾಬನೇ ತಂದ. ಕಳೆದ ಬೇಸಿಗೆಯಲ್ಲಿ. ಆವತ್ತು ನಾನು ಒಲೆ ಹಚ್ಚಲಿಲ್ಲ.

ಮೊನ್ನೆ ಮಧ್ಯಾಹ್ನದ ದೋಣಿಯಲ್ಲಿ ಭಾವ ಬಂದರು, ಜೊತೆಗೆ ಮಗಳು ನಳಿನಿ. ನನಗೆ ಗುರುತೇ ಸಿಗಲಿಲ್ಲ. ಮನೆಯ ತೊಲೆಯ ಹಾಗೆ ಗಟ್ಟಿ ಇದ್ದ ಮನುಷ್ಯ, ಅಂಗಿಯೊಳಗೆ ಮೈ ಇದೆಯೋ ಇಲ್ಲವೋ ಎಂಬಂತಾಗಿದ್ದರು. ಜಗುಲಿ ಹತ್ತುವಾಗ ಕಂಬ ಹಿಡಿದುಕೊಂಡರು. ಒಳಗೆ ಬಂದವರು ಬೇರೆ ಎಲ್ಲೂ ನೋಡದೆ ಸೀದಾ ಆ ಗಿಡ್ಡ ಕಾಲಿನ ಬೆಂಚಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಅಡಿಯಲ್ಲಿ ನಾನು ಮಡಿಸಿ ತುರುಕಿದ ರಟ್ಟು ಇತ್ತು.

"ಇನ್ನೂ ಹಾಗೇ ಉಂಟಾ ಇದು?" ಎಂದರು.

"ಸರಿಮಾಡ್ತೇನೆ ಅಂತ ಹೇಳಿ ಹೋದವರು ಬರಬೇಕಿತ್ತಲ್ಲ ಭಾವ," ಎಂದೆ. ಅಷ್ಟು ವರ್ಷಗಳ ಮೇಲೆ ಬಂದವರಿಗೆ ನಾನು ಆಡಿದ ಮೊದಲ ಮಾತು ಅದು. ನನ್ನ ಬಾಯಿಗೆ ಬೆಂಕಿ ಹಾಕ. ಆದರೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆ ಬೆಂಚಿನ ಮೇಲೆಯೇ ಕುಳಿತರು.

ಅಪ್ಪ ಮಗಳನ್ನು ಎದುರುಬದುರು ಕೂರಿಸಿ ಎಲೆ ಹಾಕಿದೆ. ಕೆಂಪಕ್ಕಿ ಅನ್ನ, ಬಸಳೆ ಹುಳಿ, ಹುರಿದ ಹಾಗಲಕಾಯಿ. ನಳಿನಿ ಆಚೆ ದಡದಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ನಮ್ಮೂರಿನ ರೀತಿ ಹೇಳಿಕೊಟ್ಟೆ. ಅವಳು ಕಣ್ಣರಳಿಸಿ, "ಹೌದಾ ಚಿಕ್ಕಮ್ಮ? ನಮ್ಮನೇಲೂ ಅಪ್ಪ ಅಮ್ಮ ಹೀಗೇ ಮಾಡ್ತಿದ್ರು. ಪಾತ್ರೆಗೆ ಉಪ್ಪೇ ಹಾಕ್ತಿರಲಿಲ್ಲ. ಅಮ್ಮಂಗೆ ಅಪ್ಪ, ಅಪ್ಪಂಗೆ ಅಮ್ಮ. ಇದೆಂಥ ಹುಚ್ಚು ಅಂತ ನಾವು ಮಕ್ಕಳು ನಗ್ತಿದ್ವಿ. ಊರಿನ ಪದ್ಧತಿ ಅಂತ ಅವರು ಹೇಳಲೇ ಇಲ್ಲ ನೋಡಿ," ಎಂದಳು.  ಆಚೆ ದಡದಲ್ಲಿ ಯಾರು ಹಾಕಿಕೊಂಡರೂ ಉಪ್ಪು ಉಪ್ಪೇ. ಅಲ್ಲಿಗೆ ಹೋಗಿಯೂ ಸುಗಂಧಿ ಎದುರಿನ ಎಲೆ ಬಿಟ್ಟಿರಲಿಲ್ಲ.

ನಳಿನಿ ಉಪ್ಪಿನ ಬಟ್ಟಲಿಗೆ ಕೈ ಹಾಕಿದಳು. ಅಪ್ಪನ ಎಲೆಯ ಕಡೆ ಕೈ ಚಾಚಿದಳು. ಭಾವ ತಮ್ಮ ಅಂಗೈಯನ್ನು ಅನ್ನದ ಮೇಲೆ ಅಡ್ಡ ಹಿಡಿದರು.

"ಬೇಡ ಮಗಾ."

"ಅಪ್ಪಾ, ಒಂಚೂರು..."

"ಬೇಡ ಅಂದೆನಲ್ಲ."

ಎರಡು ತುತ್ತು ಸಪ್ಪೆ ಅನ್ನ ತಿಂದು ಕೈ ತೊಳೆದರು. ಮಗಳ ಎಲೆಗೆ ಉಪ್ಪು ಹಾಕುವುದೂ ಅವರಿಗೆ ನೆನಪಾಗಲಿಲ್ಲ. ಪಾಪ ಆ ಹುಡುಗಿ ಸಪ್ಪೆಯನ್ನೇ ನುಂಗಿದಳು. ಕೈ ತೊಳೆಯುವಲ್ಲಿ ನನ್ನ ಸೆರಗು ಹಿಡಿದುಕೊಂಡು ಅತ್ತಳು.

"ಅಮ್ಮ ಹೋದಾಗಿಂದ ಇದೇ ಕಥೆ ಚಿಕ್ಕಮ್ಮ. ಉಪ್ಪು ಇರೋದು ಏನೂ ಮುಟ್ಟಲ್ಲ. ಸಪ್ಪೆ ಎರಡು ತುತ್ತು, ಆಯ್ತು ಅಂತ ಎದ್ದುಬಿಡ್ತಾರೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಕಾಯಿಲೆ ಏನಿಲ್ಲ, ಊಟ ಮಾಡ್ಲಿ ಅಂದ್ರು. ಊಟ ಮಾಡದೇ ಇರೋದೇ ಕಾಯಿಲೆ ಅಂತ ಅವರಿಗೆ ಹೇಗೆ ಹೇಳೋದು? ಹುಟ್ಟೂರಿಗೆ ಬಂದ್ರೆ, ನಿಮ್ಮ ಕೈ ಅಡುಗೆ ಕಂಡ್ರೆ ತಿಂತಾರೇನೋ ಅಂತ ಕರ್ಕೊಂಡು ಬಂದೆ. ಇಲ್ಲೂ ತಿನ್ನದಿದ್ರೆ ನಂಗೆ ಅಪ್ಪ ಉಳಿಯಲ್ಲ."

"ಅಳಬೇಡ. ನಾನಿದ್ದೇನಲ್ಲ," ಎಂದೆ. ದೊಡ್ಡದಾಗಿ ಹೇಳಿಬಿಟ್ಟೆ. ನಾನು ಅಡುಗೆ ಮಾಡಬಲ್ಲೆ, ಉಪ್ಪು ಹಾಕಬಲ್ಲೆನೇ?

ಹೋಟೆಲಿನ ಹಿಂದಿನ ಕೋಣೆಯಲ್ಲಿ ಅವರಿಗೆ ಹಾಸಿಕೊಟ್ಟೆ. ಮರುದಿನ ಮಧ್ಯಾಹ್ನ ಉಪಾಯ ಮಾಡಿ ಬುಡನ್ ಸಾಬನನ್ನು ಭಾವನ ಎದುರು ಕೂರಿಸಿದೆ. ಅವನ ಕೈಯಿಂದ ಬೇಡ ಎಂದವರನ್ನು ನಾನು ಈವರೆಗೆ ಆ ಸಾಹೇಬರೊಬ್ಬರನ್ನು ಬಿಟ್ಟು ಬೇರೆ ಕಂಡಿಲ್ಲ. ಅವನು ಕೂರುತ್ತಲೇ ಹಳೆಯ ಕಥೆ ತೆಗೆದ. "ಆಚಾರ್ರೇ, ನೀವು ಮಾಡಿಕೊಟ್ಟ ಹುಟ್ಟು ಇನ್ನೂ ನನ್ನ ಹತ್ರ ಉಂಟು. ನನ್ನ ಅಪ್ಪನೂ ಅದರಲ್ಲೇ ಹಾಕಿದ, ನಾನೂ ಅದರಲ್ಲೇ ಹಾಕ್ತಾ ಇದ್ದೇನೆ," ಎಂದು ನಗುತ್ತಾ ಉಪ್ಪು ಹಿಡಿದು ಕೈ ಚಾಚಿದ. ಮತ್ತೆ ಅದೇ. ಅಂಗೈ ಅಡ್ಡ ಬಂತು.

ಹೋಟೆಲಿನಲ್ಲಿ ಉಣ್ಣುತ್ತಿದ್ದವರೆಲ್ಲ ತುತ್ತು ಕೈಯಲ್ಲೇ ಹಿಡಿದು ನೋಡಿದರು. ಎದುರಿನವರ ಉಪ್ಪು ಬೇಡ ಎನ್ನುವುದೆಂದರೆ ನಮ್ಮೂರಿನಲ್ಲಿ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಬುಡನ್ ಸಾಬನ ಮುಖ ಸಪ್ಪಗಾಯಿತು. ಹಿಡಿದ ಉಪ್ಪನ್ನು ಮೆಲ್ಲನೆ ಬಟ್ಟಲಿಗೆ ಬಿಟ್ಟ. ಅವನ ಎಲೆಗಾದರೂ ಭಾವ ಹಾಕಿದರೇ? ಅದೂ ಇಲ್ಲ. ಆ ಪುಣ್ಯಾತ್ಮ ಸಪ್ಪೆ ಅನ್ನವನ್ನೇ ಉಂಡು ದೋಣಿಗೆ ಹೋದ.

ನನಗೆ ತಡೆಯಲಾಗಲಿಲ್ಲ. ಜನ ಖಾಲಿಯಾದ ಮೇಲೆ ಭಾವನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತೆ.

"ಎಂತ ಭಾವ ಇದು? ಸುಗಂಧಿ ನಿಮಗೊಬ್ಬರಿಗೇ ಹೋದದ್ದಾ? ಈ ಹುಡುಗಿಗೆ ಅಮ್ಮ ಅಲ್ವಾ ಅವಳು? ನನಗೆ ಯಾರೂ ಅಲ್ವಾ? ಬುಡನ್ ಸಾಬ ನಿಮಗೆ ಎಂತ ಅನ್ಯಾಯ ಮಾಡಿದ? ಸಪ್ಪೆ ಉಂಡು ಹೊಳೆ ತುಂಬ ಹುಟ್ಟು ಹಾಕ್ತಾ ಇದ್ದಾನೆ ನೋಡಿ ಅಲ್ಲಿ!"

 ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು, ತಾವೇ ಹತ್ತರಿ ಹೊಡೆದು ನುಣುಪು ಮಾಡಿದ ಅಂಚು.

"ಕೊನೆಯ ಸಲ ಅವಳು ಉಪ್ಪು ಹಾಕಿದ್ದು ಆಸ್ಪತ್ರೆಯಲ್ಲಿ," ಎಂದರು. "ಕೈ ಎತ್ತಲಿಕ್ಕೆ ಆಗ್ತಾ ಇರಲಿಲ್ಲ ಅವಳಿಗೆ. ನಾನೇ ಅವಳ ಕೈ ಹಿಡಿದುಕೊಂಡು ನನ್ನ ತಟ್ಟೆಗೆ ಹಾಕಿಸಿಕೊಂಡೆ. ಆ ರುಚಿ ಇನ್ನೂ ನಾಲಿಗೆಯಲ್ಲಿ ಉಂಟು ತುಂಗಾ. ಬೇರೆಯವರ ಉಪ್ಪು ಬಿದ್ದರೆ ಅದು ಹೋಗ್ತದೆ. ಆಮೇಲೆ ಅವಳದು ಅಂತ ನನ್ನ ಹತ್ರ ಎಂತ ಉಳೀತದೆ, ಹೇಳು?"

ನನ್ನ ಕೈ ಸೊಂಟದಿಂದ ಕೆಳಗೆ ಜಾರಿತು.  ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಅವರು ಹೊರಡುವ ದಿನ ಬಂತು. ಸಂಜೆಯ ದೋಣಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಳಿನಿ ಸೋತು ಹೋಗಿದ್ದಳು. ಬೆಳಿಗ್ಗೆಯಿಂದ ಅವಳು ಅಪ್ಪನಿಗೆ ತಿನ್ನಿ ಎಂದು ಹೇಳುವುದನ್ನೇ ಬಿಟ್ಟಿದ್ದಳು, ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಮೊದಲ ಪಂಕ್ತಿಯಲ್ಲಿ ಊರಿಗೆ ಅಂಚೆ ಹಂಚುವ ಅಮ್ಮನ ಎದುರು ಕುಳಿತು ನಾಲ್ಕು ತುತ್ತು ಉಂಡು, "ಅಮ್ಮ ಈಜ್ತಿದ್ದ ಜಾಗ ನೋಡ್ಕೊಂಡು ಬರ್ತೀನಿ," ಎಂದು ಹೊಳೆಗೆ ಹೋದಳು. ಭಾವ ಊಟ ಬೇಡವೆಂದು ಹೇಳಿ ಉಳಿ, ಸುತ್ತಿಗೆ ಕೇಳಿ ತರಿಸಿಕೊಂಡು ಗಿಡ್ಡ ಕಾಲಿನ ಬೆಂಚನ್ನು ಬೋರಲು ಹಾಕಿಕೊಂಡು ಕುಳಿತರು.  ಹಲಸಿನ ಮರದ ಚಿಪ್ಪನ್ನು ಕೆತ್ತಿ, ಊದಿ, ಮತ್ತೆ ಕೆತ್ತಿ, ಕಾಲಿಗೆ ಕೂರಿಸಿದರು. ಬೆಂಚು ನೆಟ್ಟಗೆ ನಿಂತಿತು. ಅದನ್ನು ಎರಡು ಸಲ ಅಲುಗಾಡಿಸಿ ನೋಡಿದರು. ಇನ್ನೇನೂ ಬಾಕಿಯಿಲ್ಲ ಎಂಬಂತೆ ಉಳಿಯನ್ನು ಒರೆಸಿ ಇಟ್ಟರು. ನನಗೆ ಆ ಒರೆಸಿ ಇಟ್ಟ ರೀತಿ ಸರಿಕಾಣಲಿಲ್ಲ.

ಅಷ್ಟರಲ್ಲಿ ಪಂಕ್ತಿಗಳೆಲ್ಲ ಮುಗಿದು ಹೋಟೆಲು ಖಾಲಿಯಾಗಿತ್ತು. ಬುಡನ್ ಸಾಬ ಆಚೆ ದಡದಲ್ಲಿ ಮದುವೆಯ ಸಾಮಾನು ತುಂಬಿಸಲು ನಿಂತಿದ್ದ, ಊಟಕ್ಕೆ ಬರುವುದಿಲ್ಲವೆಂದು ಬೆಳಿಗ್ಗೆಯೇ ಹೇಳಿ ಹೋಗಿದ್ದ. ಒಲೆಯ ಮುಂದೆ ಬೆಳಗಿನಿಂದ ನಿಂತು ನನ್ನ ಕಾಲು ಬಿದ್ದುಹೋಗಿತ್ತು. ಹಸಿವೆಯಿಂದ ಕಣ್ಣು ಕತ್ತಲಿಡುತ್ತಿತ್ತು. ನಾನು ಉಪಾಯ ಹೂಡಿದೆ ಎಂದು ಊರವರು ಈಗ ಹೇಳುತ್ತಾರೆ. ನನ್ನಾಣೆ, ಆ ಹೊತ್ತಿಗೆ ನನಗೆ ಹಸಿವೆ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

"ಭಾವಾ, ನನ್ನ ಎದುರಿಗೆ ಇವತ್ತು ಯಾರೂ ಇಲ್ಲ," ಎಂದೆ. "ನೀವು ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನೇನೂ ಹೇಳುವುದಿಲ್ಲ. ಆದರೆ ನನಗೆ ಸಪ್ಪೆ ಇಳಿಯುವುದಿಲ್ಲ. ಒಂದು ಎಲೆ ಹಾಕಿಕೊಂಡು ಕೂತು ನನಗಾದರೂ ಉಪ್ಪು ಹಾಕಿ."

ಅವರು ನನ್ನ ಮುಖ ನೋಡಿದರು. ನಾನು ಎಷ್ಟು ಬಳಲಿದ್ದೆನೋ, ಅವರಿಗೆ ಇಲ್ಲ ಎನ್ನಲು ಆಗಲಿಲ್ಲ. ಎದ್ದು ಕೈ ತೊಳೆದು ಬಂದು, ಈಗಷ್ಟೇ ಸರಿಮಾಡಿದ ಬೆಂಚಿನ ಮೇಲೆ ಕುಳಿತರು. ನಾನು ಎರಡು ಎಲೆ ಹಾಕಿದೆ. ಇಬ್ಬರಿಗೂ ಬಡಿಸಿದೆ, ಅನ್ನ, ಸೌತೆಕಾಯಿ ಹುಳಿ. ಉಪ್ಪಿನ ಬಟ್ಟಲನ್ನು ನಡುವೆ ಇಟ್ಟು ಅವರ ಎದುರಿಗೆ ಕುಳಿತೆ.

ಕುಳಿತ ಮೇಲೆ ನನಗೆ ಅಳುಕು ಹುಟ್ಟಿತು. ಉಣ್ಣುವ ಮನಸ್ಸೇ ಇಲ್ಲದ ಮನುಷ್ಯನ ಉಪ್ಪು ಹತ್ತುತ್ತದೆಯೇ? ಹಸಿದ ಕೈಯೇ ಆಗಬೇಕಲ್ಲ. ಇರಲಿ, ಕೂತಾಗಿದೆ ಎಂದುಕೊಂಡೆ.

ಭಾವ ಬಟ್ಟಲಿಗೆ ಕೈ ಹಾಕಿದರು. ಅವರ ಗಮನ ಬೇರೆಲ್ಲೋ ಇತ್ತು, ಕಿಟಕಿಯಾಚೆ ಹೊಳೆಯ ಕಡೆ. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ಎರಡೇ ಬೆರಳಲ್ಲಿ ಚಿಟಿಕೆ ಹಿಡಿಯಿತು. ಅದರಲ್ಲೂ ಅರ್ಧವನ್ನು ಬಟ್ಟಲಿಗೇ ಉದುರಿಸಿತು. ಉಳಿದಿದ್ದನ್ನು ನನ್ನ ಅನ್ನದ ಮೇಲಲ್ಲ, ಅನ್ನದ ಬುಡದಲ್ಲಿ, ಬಲಗಡೆ ಒರೆಸಿ ಬಿಟ್ಟಿತು.

 ನಾನು ಅನ್ನ ಕಲಸಿ ಬಾಯಿಗಿಟ್ಟೆ. ಮೊದಲಿಗೆ ಸಪ್ಪೆ. ಬುಡನ್ ಸಾಬನ ಕೈಯ ಉಪ್ಪು ಉಂಡ ನಾಲಿಗೆ ನನ್ನದು, ಅದಕ್ಕೆ ಇದು ಎಲ್ಲಿ ಸಾಲಬೇಕು? ಅಗಿದೆ. ಮತ್ತೂ ಅಗಿದೆ. ಆಗ ಎಲ್ಲೋ ಅಡಿಯಲ್ಲಿ, ಹುಳಿಯ ಹಿಂದೆ, ಸೌತೆಕಾಯಿಯ ತಂಪಿನ ಹಿಂದೆ, ಒಂದು ಎಳೆ ಉಪ್ಪು ಸಿಕ್ಕಿತು. ಹುಡುಕಿದವರಿಗೆ ಸಿಗ್ತದೆ. ದೋಣಿಗಟ್ಟೆಯ ಕಲ್ಲು ನೆನಪಾಯಿತು. ಒದ್ದೆ ಲಂಗ, ಅವಳ ಮೂಗುತಿ, ಮೂಗು ಮುರಿಯುವ ಅವಳ ಬಿಂಕ. ಅವಳು ಹೀಗೆ ಉಣ್ಣುತ್ತಿದ್ದಳೇ! ಜೊತೆಗೆ ಕುಳಿತು ಅಷ್ಟು ವರ್ಷ ಉಂಡೆ, ಅವಳ ನಾಲಿಗೆಗೆ ಅನ್ನ ಹೇಗಿರುತ್ತಿತ್ತು ಎಂದು ನನಗೆ ಇವತ್ತೇ ಗೊತ್ತಾದದ್ದು. ನನ್ನ ಕಣ್ಣಿಂದ ನೀರು ಇಳಿದು ಎಲೆಗೆ ಬಿತ್ತು. ಒರೆಸಿಕೊಳ್ಳಲಿಲ್ಲ.

"ಎಂತ ಆಯ್ತು ತುಂಗಾ? ಹತ್ತಲಿಲ್ವಾ?" ಭಾವ ಗಾಬರಿಯಾದರು.

"ಹತ್ತಿತು ಭಾವ. ಆದರೆ ಇದು ನನ್ನ ಉಪ್ಪಲ್ಲ. ಸುಗಂಧಿಯದು."

ಅವರಿಗೆ ಅರ್ಥವಾಗಲಿಲ್ಲ.

"ನಿಮ್ಮ ಕೈ ನೋಡಿಕೊಳ್ಳಿ. ಎಷ್ಟು ಹಿಡಿದಿರಿ, ಎಷ್ಟು ಉದುರಿಸಿದಿರಿ, ಎಲ್ಲಿ ಒರೆಸಿದಿರಿ? ಇಷ್ಟು ವರ್ಷ ನೀವು ಹಾಕಿದ್ದು ಅವಳೊಬ್ಬಳಿಗೆ. ನಿಮ್ಮ ಕೈಗೆ ಬೇರೆ ಅಳತೆಯೇ ಗೊತ್ತಿಲ್ಲ. ಅವಳದು ಅಂತ ಎಂತ ಉಳೀತದೆ ಅಂತ ಕೇಳಿದಿರಲ್ಲ ಮೊನ್ನೆ? ನಾನು ಈಗ ಉಂಡೆ, ಭಾವ. ಅವಳ ಬಾಯಿಯ ರುಚಿಯನ್ನೇ ಉಂಡೆ."

ಭಾವ ತಮ್ಮ ಬಲಗೈ ಎತ್ತಿ ನೋಡಿದರು. ಹೆಬ್ಬೆರಳು ತೋರುಬೆರಳಿಗೆ ಅಂಟಿದ ಎರಡು ಹರಳು ಉಪ್ಪು.  ನೋಡುತ್ತಾ ನೋಡುತ್ತಾ ದೊಡ್ಡ ದನಿಯಲ್ಲಿ ಅತ್ತರು. ಮದುವೆಯಾದಾಗಿನಿಂದ ಆ ಮನುಷ್ಯ ಗಟ್ಟಿಯಾಗಿ ನಕ್ಕಿದ್ದನ್ನೂ ನಾನು ಕಂಡಿರಲಿಲ್ಲ. ಅಳಲಿ ಎಂದು ಬಿಟ್ಟೆ. ಅವರು ಏಳುವ ಹಾಗಿರಲಿಲ್ಲ, ನನ್ನ ಎಲೆಗೆ ಉಪ್ಪು ಬಿದ್ದಾಗಿತ್ತು.

ಇನ್ನೊಂದು ಮಾತು ನನಗೆ ಆಗ ಹೊಳೆಯಿತು. ಉಪ್ಪು ಹತ್ತಿತಲ್ಲ! ಹಸಿವಿಲ್ಲದ ಕೈಯದು ಹತ್ತುವುದಿಲ್ಲ. ಅಂದರೆ ಈ ಮನುಷ್ಯನಿಗೆ ಎಲ್ಲೋ ಒಳಗೆ ಹಸಿವೆ ಇದೆ. ಸೌಟು ಹಿಡಿದು ನಿಂತವಳು ಇವತ್ತು ನಾನಲ್ಲ, ಎಲೆ ಹಾಕಿಕೊಂಡು ಕುಳಿತವಳು. ನಾನು ಬಟ್ಟಲಿಗೆ ಕೈ ಹಾಕಿದೆ. ಅವರಿಗೆ ಎಷ್ಟು ಬೇಕು ಎಂದು ನನಗೇನು ಗೊತ್ತು? ಅದು ಗೊತ್ತಿದ್ದವಳು ಹೋದಳು. ನನಗೆ ಗೊತ್ತಿರುವುದು ನನ್ನದೊಂದೇ ಅಳತೆ. ಕೈ ಚಾಚಿದೆ. ಅವರ ಅಂಗೈ ಮೇಜಿನ ಮೇಲಿಂದ ಸ್ವಲ್ಪ ಎದ್ದಿತು. ನಾನು ಹಾಗೇ ಕೈ ಚಾಚಿಕೊಂಡು ಕಾದೆ. ಅಂಗೈ ಮತ್ತೆ ಮೇಜಿನ ಮೇಲೆ ಇಳಿಯಿತು.

ಹಾಕಿದೆ.

ಕಣ್ಣೀರು ಒರೆಸಿಕೊಂಡು ಅವರು ಅನ್ನ ಕಲಸಿದರು. ಒಂದು ತುತ್ತು ಬಾಯಿಗಿಟ್ಟರು. ಇಟ್ಟವರು ಅಗಿಯದೆ ಕೂತುಬಿಟ್ಟರು, ಕೆನ್ನೆಯೊಳಗೆ ತುತ್ತು ಇದ್ದ ಹಾಗೇ.  ಆಮೇಲೆ ಮುಖ ಕಿವುಚಿದರು. ಹುಬ್ಬು ಮೇಲೆ ಹೋಯಿತು.

"ಥೋ! ಎಂತ ಮಾರಾಯ್ತಿ ಇದು, ಉಪ್ಪಿನ ಮೂಟೆಯನ್ನೇ ಸುರಿದಿದ್ದೀಯಾ?"

"ಎಲೆಯ ಮುಂದೆ ಉಪ್ಪಿನ ಮಾತಾಡಬಾರದು ಭಾವಾ! ಆಚೆ ದಡಕ್ಕೆ ಹೋಗಿ ಮರ್ಯಾದೆಯೆಲ್ಲ ಮರೆತು ಬಂದಿರಾ?" ಎಂದು ಗದರಿಸಿದೆ. ಅಳುತ್ತಾ ಗದರಿಸಿದೆ, ನಗುತ್ತಾ ಗದರಿಸಿದೆ, ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ.

ಅವರು ನೀರು ಕುಡಿದರು. ಇನ್ನೊಂದು ತುತ್ತು ಉಂಡರು. ಮತ್ತೂ ಒಂದು. ಎಲೆಯ ಮೇಲೆ ಹುಳಿ ಇನ್ನೂ ಉಳಿದಿತ್ತು, ಅನ್ನ ಮುಗಿದಿತ್ತು. ಎಲೆಯನ್ನೊಮ್ಮೆ, ಒಲೆಯ ಪಕ್ಕದ ಅನ್ನದ ಪಾತ್ರೆಯನ್ನೊಮ್ಮೆ ನೋಡಿದರು.

"ಉಪ್ಪು ಹೆಚ್ಚಾಯ್ತಲ್ಲ. ಇನ್ನು ಸ್ವಲ್ಪ ಅನ್ನ ಹಾಕಿದರೆ ಸರಿಹೋಗ್ತದೆ," ಎಂದರು.

ನಾನು ಏಳುವ ಹಾಗಿಲ್ಲ, ಅವರೂ ಏಳುವ ಹಾಗಿಲ್ಲ. ಬಡಿಸುವವರು ಯಾರು ಎಂದು ಬಾಗಿಲ ಕಡೆ ತಿರುಗಿದೆ. ನಳಿನಿ ನಿಂತಿದ್ದಳು. ಹೊಳೆಯಿಂದ ಬಂದ ಒದ್ದೆ ಕೂದಲು ಭುಜದ ಮೇಲೆ, ಚಪ್ಪಲಿ ಕೈಯಲ್ಲಿ. ಯಾವಾಗಿನಿಂದ ನಿಂತಿದ್ದಳೋ. ನಾನು ಪಾತ್ರೆಯ ಕಡೆ ಕಣ್ಣು ಮಾಡಿದೆ.

ಅವಳು ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಅನ್ನದ ಪಾತ್ರೆಯನ್ನು ಅಪ್ಪಿಕೊಂಡೇ ತಂದಳು. ಅವಸರಕ್ಕೆ ಸೌಟಿನಿಂದ ಅರ್ಧ ಅನ್ನ ಎಲೆಗೆ, ಅರ್ಧ ಮೇಜಿಗೆ ಬಿತ್ತು. "ಸಾಕಾ ಅಪ್ಪಾ?" ಎಂದಳು. "ಇನ್ನೊಂಚೂರು ಹಾಕು ಮಗಾ," ಎಂದರು ಭಾವ, ತಲೆ ಎತ್ತದೆ. ಅವಳು ಹಾಕಿದಳು. ಮೇಜಿಗೆ ಬಿದ್ದಿದ್ದನ್ನೂ ಅವರೇ ಬಳಿದು ಎಲೆಗೆ ಹಾಕಿಕೊಂಡು ಕಲಸಿದರು.

ಸಂಜೆಯ ದೋಣಿ ಬಂದು ಕಟ್ಟೆಗೆ ತಾಗಿದ್ದು ಕೇಳಿಸಿತು. ಬುಡನ್ ಸಾಬ ಕೆಳಗಿನಿಂದಲೇ ಕೂಗಿದ, "ಅಕ್ಕಾ, ಆಚಾರ್ರು ಹೊರಟ್ರಾ? ದೋಣಿ ತಂದಿದ್ದೇನೆ!" ನಾನು ಕುಳಿತಲ್ಲಿಂದಲೇ ಕೂಗಿದೆ, "ಊಟ ಮಾಡ್ತಾ ಇದ್ದಾರೆ! ಕಾಯಿ ಮಾರಾಯ!"

 ಆಮೇಲೆ ಅವನು ದೋಣಿಯ ಹಗ್ಗವನ್ನು ಗೂಟಕ್ಕೆ ಸುತ್ತುವ ಸದ್ದು ಕೇಳಿತು. ಭಾವ ಉಣ್ಣುತ್ತಿದ್ದರು. ನಾನು ನನ್ನ ಎಲೆಯ ಅನ್ನವನ್ನು ಕೊನೆಯ ಅಗುಳಿನವರೆಗೂ ಉಂಡೆ. ಉಪ್ಪು ಸರಿಯಾಗಿತ್ತು.